ನರ್ಸಿಂಗ್ ಕಾಲೇಜು ಆರಿಸುವ ಮುನ್ನ ಆಸ್ಪತ್ರೆ ನೋಡಿ ಬನ್ನಿ

ಪಿಯುಸಿ ರಿಸಲ್ಟ್ ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ‘ಸಿಸ್ಟರ್, ಮಗಳನ್ನು ನರ್ಸಿಂಗಿಗೆ ಸೇರಿಸ್ಬೇಕು. ಯಾವ ಕಾಲೇಜು ಒಳ್ಳೇದು?’ ಮಂಗಳೂರಿನ ಕಂಕನಾಡಿಯಿಂದ ದೇರಳಕಟ್ಟೆ, ಅತ್ತ ಮಣಿಪಾಲದವರೆಗೆ ಇಷ್ಟೊಂದು ಕಾಲೇಜುಗಳಿರುವಾಗ ಗೊಂದಲ ಸಹಜ ಅಲ್ವಾ? 20 ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಕಾಲೇಜಿನ ಕಟ್ಟಡಕ್ಕಿಂತ ಮೊದಲು ಅದರ ಆಸ್ಪತ್ರೆ ನೋಡಿ.

ಅದಕ್ಕೂ ಮುಂಚೆ ಕೋರ್ಸ್ ಯಾವುದೆಂದು ತೀರ್ಮಾನಿಸಿ. ಬಿ.ಎಸ್ಸಿ. ನರ್ಸಿಂಗ್ ಡಿಗ್ರಿ 4 ವರ್ಷ, ಜಿಎನ್ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್ವೈಫರಿ) ಡಿಪ್ಲೊಮಾ 3 ವರ್ಷ. ಬಿ.ಎಸ್ಸಿ.ಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಜೊತೆಗೆ ಇಂಗ್ಲಿಷ್ ಓದಿರಬೇಕು. ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40 ಅಂಕ ಬೇಕು. ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಜಿಎನ್ಎಂ ಮಾಡಿದವರೂ ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಡಿಗ್ರಿ ಪಡೆಯಬಹುದು. ಹಣದ ಅಡಚಣೆ ಇರುವ ಮನೆಯವರಿಗೆ ಇದು ಒಳ್ಳೆಯ ದಾರಿ.

ಇನ್ನು ಮಾನ್ಯತೆ. ಡಿಗ್ರಿ ಸಿಕ್ಕಿದ ಮಾತ್ರಕ್ಕೆ ಯಾರೂ ರಿಜಿಸ್ಟರ್ಡ್ ನರ್ಸ್ ಆಗುವುದಿಲ್ಲ. ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಆದ್ದರಿಂದ ಕಾಲೇಜಿನ ಹೆಸರನ್ನು ಮೂರು ಕಡೆ ಹುಡುಕಿ: ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್, ಭಾರತೀಯ ನರ್ಸಿಂಗ್ ಕೌನ್ಸಿಲ್, ಮತ್ತು ಡಿಗ್ರಿ ಕೊಡುವ ವಿಶ್ವವಿದ್ಯಾಲಯ. ನಮ್ಮಲ್ಲಿ ಹಲವು ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗಿವೆ. ಮಣಿಪಾಲ, ನಿಟ್ಟೆ, ಯೆನೆಪೋಯ ತಾವೇ ಡಿಗ್ರಿ ಕೊಡುವ ಡೀಮ್ಡ್ ವಿಶ್ವವಿದ್ಯಾಲಯಗಳು, ಅವುಗಳ ಪ್ರವೇಶ ಕ್ರಮ ಬೇರೆ. ಸರ್ಕಾರಿ ಕೋಟಾದ ಸೀಟಿಗೆ 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪ್ರವೇಶ ಪರೀಕ್ಷೆ ಸಿಇಟಿ ಬರೆಯಬೇಕು. ‘ಸಿಇಟಿ ಯಾಕೆ, ನಾನು ಸೀಟು ಕೊಡಿಸ್ತೇನೆ’ ಎನ್ನುವ ಏಜೆಂಟರ ಮಾತಿಗೆ ಮರುಳಾಗಬೇಡಿ.

ಈಗ ಆಸ್ಪತ್ರೆ. ನನ್ನ ಅಕ್ಕನ ಮಗಳನ್ನು ಬೇರೆ ಊರಿನ ಒಂದು ಕಾಲೇಜಿಗೆ ಸೇರಿಸಿದ್ದೆವು. ಹೊಳೆಯುವ ನೆಲ, ಎಸಿ ಲ್ಯಾಬು, ರಬ್ಬರಿನ ಗೊಂಬೆಗಳು. ಸೇರಿದ ಮೇಲೆ ಗೊತ್ತಾಯಿತು, ಅವರ ಆಸ್ಪತ್ರೆಯಲ್ಲಿ ರೋಗಿಗಳೇ ಕಡಿಮೆ. ಪೋಸ್ಟಿಂಗಿಗೆ, ಅಂದರೆ ವಾರ್ಡಿನ ತರಬೇತಿಗೆ, ದಿನಾ ಬಸ್ಸಿನಲ್ಲಿ ಬೇರೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಒಂದು ಮಂಚದ ಸುತ್ತ ಹತ್ತು ಹದಿನೈದು ಮಕ್ಕಳು. ಎರಡನೇ ವರ್ಷದ ಕೊನೆಗೆ ಅವಳು ಅತ್ತುಕೊಂಡು ಹೇಳಿದ್ದು ಇಷ್ಟು: ‘ಚಿಕ್ಕಮ್ಮ, ನಾನಿನ್ನೂ ಒಬ್ಬರಿಗೂ ಕ್ಯಾನುಲಾ ಹಾಕಿಲ್ಲ.’ ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ ಅದು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಈ ಕೆಲಸದಲ್ಲೇ ಇದ್ದ ನಾನು ಮೊದಲೇ ಹೋಗಿ ನೋಡಬೇಕಿತ್ತು.

ಲೆಕ್ಕ ಸುಲಭ. ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ 3 ರೋಗಿಗಳು ಸಿಗಬೇಕು ಅನ್ನುತ್ತದೆ ಭಾರತೀಯ ನರ್ಸಿಂಗ್ ಕೌನ್ಸಿಲ್. ವರ್ಷಕ್ಕೆ 60 ಸೀಟು ಅಂದರೆ ನಾಲ್ಕು ಬ್ಯಾಚಿಗೆ 240 ಮಕ್ಕಳು. ಅರ್ಧದಷ್ಟು ಮಂದಿ ಒಟ್ಟಿಗೆ ಪೋಸ್ಟಿಂಗಿನಲ್ಲಿದ್ದರೂ 360 ರೋಗಿಗಳು ಬೇಕು. ಬೋರ್ಡಿನಲ್ಲಿ ಎಷ್ಟು ಬೆಡ್ ಎಂದು ಬರೆದಿದ್ದಾರೆ ಅನ್ನುವುದು ಮುಖ್ಯವಲ್ಲ, ಎಷ್ಟು ಬೆಡ್ ತುಂಬಿದೆ ಅನ್ನುವುದು ಮುಖ್ಯ. ಬೆಳಿಗ್ಗೆ ಹತ್ತರ ಹೊತ್ತಿಗೆ ಸುಮ್ನೆ ಹೋಗಿ ಓಪಿಯ (ಹೊರರೋಗಿ ವಿಭಾಗದ) ಬೆಂಚಿನಲ್ಲಿ ಕುಳಿತುಕೊಳ್ಳಿ. ಚೀಟಿ ಮಾಡಿಸುವ ಸಾಲು ಎಷ್ಟುದ್ದ ಇದೆ ನೋಡಿ. ರೋಗಿಗಳನ್ನು ನೋಡಲು ಬಿಡುವ ಹೊತ್ತಿನಲ್ಲಿ ವಾರ್ಡಿಗೂ ಹೋಗಿ. ಹಾಸಿಗೆಗಳಲ್ಲಿ ಜನ ಇದ್ದಾರಾ, ಬರೀ ಬೆಡ್‌ಶೀಟ್ ಹಾಸಿಟ್ಟಿದ್ದಾರಾ ಎಂದು ನಿಮಗೇ ತಿಳಿಯುತ್ತದೆ.

ಕಲಿಯುವ ಮಕ್ಕಳನ್ನೂ ಗಮನಿಸಿ. ಒಮ್ಮೆ ನಮ್ಮ ವಾರ್ಡಿನಲ್ಲಿ ಕೇರಳದ ಹುಡುಗಿಯೊಬ್ಬಳು ಅಜ್ಜಿಯ ಕೈಹಿಡಿದು ‘ಬೇನೆ ಓಲುಂಡು?’ (ನೋವು ಎಲ್ಲಿದೆ?) ಎಂದು ತುಳುವಿನಲ್ಲಿ ಕೇಳುತ್ತಿದ್ದಳು. ಅಜ್ಜಿ ಹೊಟ್ಟೆ ಮುಟ್ಟಿ ತೋರಿಸಿದರು. ಹಿಂದೆ ನಿಂತಿದ್ದ ಟೀಚರ್ ಅವಳ ಕೈಯನ್ನು ಸರಿಯಾದ ಜಾಗಕ್ಕೆ ಸರಿಸಿ, ಮೆಲ್ಲಗೆ ಒತ್ತಲು ಹೇಳಿಕೊಟ್ಟರು. ಹೀಗೆ ಬೆನ್ನ ಹಿಂದೆ ಟೀಚರ್ ನಿಂತಿರುವ ಕಾಲೇಜು ನಿಮಗೆ ಬೇಕು. 10 ಮಕ್ಕಳಿಗೆ ಒಬ್ಬ ಟೀಚರ್ ಇರಬೇಕೆಂಬುದು ನಿಯಮ.

ಹೆರಿಗೆ, ಮಕ್ಕಳ ವಿಭಾಗ, ಮನೋರೋಗ, ಹಳ್ಳಿಯ ಆರೋಗ್ಯ ಕೇಂದ್ರ, ಈ ಪೋಸ್ಟಿಂಗ್ ಎಲ್ಲೆಲ್ಲಿ ಎಂದು ಆಫೀಸಿನಲ್ಲಿ ಕೇಳಿ. ಮಂಗಳೂರಿನ ವೆನ್ಲಾಕ್, ಲೇಡಿಗೋಷನ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಪೋಸ್ಟಿಂಗ್ ಇದ್ದರೆ ತುಂಬಾ ಒಳ್ಳೆಯದು, ಅಲ್ಲಿ ಕೇಸುಗಳಿಗೆ ಬರವಿಲ್ಲ. ಆಮೇಲೆ ಕ್ಯಾಂಟೀನಿನಲ್ಲಿ ಮೂರನೇ ವರ್ಷದ ಯಾರಾದರೂ ಸಿಕ್ಕರೆ ಅವರು ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್ ತೋರಿಸಲು ಕೇಳಿ. ಇಲ್ಲಿಯವರೆಗೆ ಎಷ್ಟು ಹೆರಿಗೆಯಲ್ಲಿ ಕೈಹಾಕಿದ್ದಾರೆ, ಎಷ್ಟು ನೋಡಿದ್ದಷ್ಟೇ ಎಂದು ವಿಚಾರಿಸಿ. ಆಫೀಸಿನ ಉತ್ತರಕ್ಕಿಂತ ನನಗೆ ಆ ಮಕ್ಕಳ ಉತ್ತರದ ಮೇಲೆ ನಂಬಿಕೆ ಜಾಸ್ತಿ.

ಫೀಸಿನ ಬಗ್ಗೆ: ನಾಲ್ಕೂ ವರ್ಷದ ಮೊತ್ತ ಬರಹದಲ್ಲಿ ಕೇಳಿ. ಹಾಸ್ಟೆಲ್, ಯೂನಿಫಾರ್ಮ್, ಬಸ್ಸು, ಪರೀಕ್ಷೆ ಎಲ್ಲ ಸೇರಿಸಿ. ಗಲ್ಫ್, ಜರ್ಮನಿ ಕೆಲಸ ಗ್ಯಾರಂಟಿ ಎಂದರೆ ಸ್ವಲ್ಪ ತಡೆಯಿರಿ. ಜರ್ಮನಿಗೆ ಜರ್ಮನ್ ಕಲಿಯಬೇಕು, ಅಮೆರಿಕಕ್ಕೆ ಅಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾಗಬೇಕು. ಆ ಪರೀಕ್ಷೆಗಳನ್ನು ಮಗಳೇ ಬರೆಯಬೇಕು.

ಕೊನೆಗೆ ದಾಖಲಾತಿಯ ದಿನ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಬೇಕಾಗಿ ಬಂದರೆ ಸಹಿ, ಸೀಲು ಇರುವ ರಸೀದಿ ಪಡೆಯಿರಿ. ಯಾವಾಗ ವಾಪಸ್ ಕೊಡುತ್ತಾರೆ ಎಂದೂ ಅದರಲ್ಲಿ ಬರೆಸಿಕೊಳ್ಳಿ. ಹೊರಡುವ ಮುಂಚೆ ಎಲ್ಲದರ ನಾಲ್ಕು ಸೆಟ್ ಜೆರಾಕ್ಸ್ ಮಾಡಿಸಿ, ಒಂದು ಸೆಟ್ ಮನೆಯಲ್ಲೇ ಇಟ್ಟು ಹೋಗಿ.