ಹಳೆಯ ಬೇಸ್‌ಬಾಲ್ ಆಟಗಾರನ ಅಂಕಿಪಟ್ಟಿ ಓದುವ ಬಗೆ

ದಾವಣಗೆರೆಯ ಕ್ರಿಕೆಟ್ ಲೀಗ್ ಪಂದ್ಯಗಳಿಗೆ ಇಪ್ಪತ್ತಾರು ವರ್ಷ ಸ್ಕೋರ್ ಬರೆದವನು ನಾನು. ಈಗ ವರ್ಷಕ್ಕೆ ಆರು ತಿಂಗಳು ಬಾಸ್ಟನ್ ಹತ್ತಿರ ಮಗಳ ಮನೆಯಲ್ಲಿರುತ್ತೇನೆ. ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲೇ 1940, 50ರ ದಶಕದ ಬೇಸ್‌ಬಾಲ್ ಆಟಗಾರರ ವರ್ಷವಾರು ಪಟ್ಟಿಗಳನ್ನು ಹಿಡಿದು ಕೂತೆ. ಸ್ಕೋರ್ ಪುಸ್ತಕ ಬಲ್ಲವನಿಗೆ ಅದರಷ್ಟು ರುಚಿಯಾದ ಓದು ಬೇರೆ ಇಲ್ಲ. ಕ್ರಿಕೆಟ್ ಗೊತ್ತಿದ್ದು ಬೇಸ್‌ಬಾಲ್ ಗೊತ್ತಿಲ್ಲದವರು ಅದನ್ನು ಹೇಗೆ ಓದಬೇಕು ಅಂತ ಬರೆಯುತ್ತಿದ್ದೇನೆ. ಒಂದು ಪೆನ್ಸಿಲ್, ಒಂದು ಹಾಳೆ, ಫೋನಿನ ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. ಟೆಡ್ ವಿಲಿಯಮ್ಸ್‌ನ ಪಟ್ಟಿ ತೆರೆಯಿರಿ. 1939ರಿಂದ 1960ರವರೆಗೆ ಬಾಸ್ಟನ್ ರೆಡ್ ಸಾಕ್ಸ್ ಒಂದಕ್ಕೇ ಆಡಿದ ಆಟಗಾರ.

ಸರಾಸರಿಯ ಕಡೆ ಇನ್ನೂ ನೋಡಬೇಡಿ. ಎಡತುದಿಯ ಇಸವಿಗಳ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿಯಿರಿ. 1942 ಆದಮೇಲೆ ಬೆರಳು ಸೀದಾ 1946ಕ್ಕೆ ಹಾರುತ್ತದೆ. ಕೆಲವು ಪಟ್ಟಿಗಳಲ್ಲಿ ಮಧ್ಯೆ 'ಸೇನಾ ಸೇವೆ' ಅಂತಿರುತ್ತದೆ, ಕೆಲವದರಲ್ಲಿ ಆ ಸಾಲೇ ಇರುವುದಿಲ್ಲ. 24, 25, 26ನೇ ವಯಸ್ಸಿನ ಮೂರು ಋತುಗಳು, ಅಂದರೆ ಮೂರು ವರ್ಷದ ಆಟ, ಮಹಾಯುದ್ಧಕ್ಕೆ ಹೋದವು. ವಿಮಾನ ಹಾರಿಸುವುದನ್ನು ಕಲಿತು ಬೇರೆಯವರಿಗೆ ಕಲಿಸುತ್ತಿದ್ದ. ಇನ್ನೂ ಕೆಳಗೆ ಬನ್ನಿ: 1952ರಲ್ಲಿ 6 ಪಂದ್ಯ, 1953ರಲ್ಲಿ 37. ಅದು ಕೊರಿಯಾ ಯುದ್ಧ. ಅಲ್ಲಿ 39 ಬಾರಿ ಯುದ್ಧವಿಮಾನ ಹಾರಿಸಿದ. ಇಷ್ಟು ಗುರುತು ಹಾಕಿಕೊಂಡ ಮೇಲೆ ಕೊನೆಯ ಸಾಲಿನ 521 ಹೋಮ್ ರನ್ (ನಮ್ಮ ಸಿಕ್ಸರಿನಂತೆ ಚೆಂಡನ್ನು ಗೋಡೆಯಾಚೆ ದಾಟಿಸುವ ಹೊಡೆತ) ನೋಡಿ. ಸುಮಾರು ಐದು ವರ್ಷ ಕಳೆದು ಉಳಿದ ಲೆಕ್ಕ ಅದು. ನಮ್ಮ ವಿಜಯ್ ಮರ್ಚೆಂಟ್ ಪಟ್ಟಿಯಲ್ಲೂ 1936 ಆದಮೇಲೆ 1946 ಬರುತ್ತದೆ. ಒಟ್ಟು ಟೆಸ್ಟ್ ಹತ್ತೇ. ಕಾರಣವೂ ಅದೇ ಯುದ್ಧ.

ಜಾಕಿ ರಾಬಿನ್ಸನ್‌ನ ಹಳೆಯ ಪಟ್ಟಿಯಲ್ಲಿ ಹುಡುಕಬೇಕಾದದ್ದು ಮೊದಲ ಸಾಲಿನ ವಯಸ್ಸು: 28. ಇಂಥ ಆಟಗಾರ ಅಷ್ಟು ತಡವಾಗಿ ಬಂದದ್ದು ಯಾಕೆ? ಕರಿಯ ಆಟಗಾರರಿಗೆ ಮೇಜರ್ ಲೀಗ್, ಅಂದರೆ ಅಮೆರಿಕದ ಅತಿ ಮೇಲಿನ ಮಟ್ಟದ ಬೇಸ್‌ಬಾಲ್, ಬಾಗಿಲು ಮುಚ್ಚಿತ್ತು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಅವನು ಮೈದಾನಕ್ಕಿಳಿದಾಗ ಅದು ತೆರೆಯಿತು. ಆ ಪಟ್ಟಿಯಲ್ಲಿರುವುದು ಹತ್ತೇ ಋತು. ನಾನು ಅವನ ಮೊದಲ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಖಾಲಿ ಗೆರೆಗಳನ್ನು ಎಳೆದಿಟ್ಟಿದ್ದೇನೆ. ನೀವೂ ಎಳೆಯಿರಿ, ಆಗ ಪಟ್ಟಿ ಸರಿಯಾಗಿ ಕಾಣುತ್ತದೆ.

ಈಗ ಸರಾಸರಿ. ನಮ್ಮಲ್ಲಿ ಸರಾಸರಿ ಅಂದರೆ ಒಂದು ಔಟಿಗೆ ಎಷ್ಟು ರನ್ ಅಂತ. ಇಲ್ಲಿ ಹಾಗಲ್ಲ. ಬ್ಯಾಟು ಹಿಡಿದು ನಿಂತ ಸರದಿಗಳಲ್ಲಿ ಎಷ್ಟು ಸಲ ಹಿಟ್ ಆಯಿತು, ಅಂದರೆ ಚೆಂಡನ್ನು ಹೊಡೆದು ಔಟಾಗದೆ ಬೇಸ್ (ಓಡಿ ಮುಟ್ಟಬೇಕಾದ ಗುರುತು) ಸೇರಿದ, ಅನ್ನುವ ಪಾಲು. 300 ಅಂದರೆ ಸಾವಿರಕ್ಕೆ ಮುನ್ನೂರು, ಅಂದರೆ ಹತ್ತರಲ್ಲಿ ಮೂರು, ಮತ್ತು ಅಷ್ಟು ಇದ್ದರೆ ಒಳ್ಳೆಯ ಬ್ಯಾಟರ್. 1941ರಲ್ಲಿ ವಿಲಿಯಮ್ಸ್ 406. ಅಂದಿನಿಂದ ಇಂದಿನವರೆಗೆ ಅಮೆರಿಕನ್, ನ್ಯಾಷನಲ್ ಎಂಬ ಎರಡು ಲೀಗ್‌ಗಳಲ್ಲಿ ಪೂರ್ಣ ಋತು ಆಡಿದ ಯಾರೂ 400 ಮುಟ್ಟಿಲ್ಲ.

ಆ ಋತುವಿನ ಕೊನೆಯ ದಿನವನ್ನು ನೀವೇ ಲೆಕ್ಕ ಹಾಕಿ ನೋಡಲೇಬೇಕು. ಸೆಪ್ಟೆಂಬರ್ 28, ಫಿಲಡೆಲ್ಫಿಯಾದ ಶೈಬ್ ಪಾರ್ಕ್, ಒಂದೇ ದಿನ ಎರಡು ಪಂದ್ಯ. ಬೆಳಿಗ್ಗೆ ಅವನ ಲೆಕ್ಕ 448 ಸರದಿಗೆ 179 ಹಿಟ್. ಭಾಗಿಸಿ: 0.39955. ಪುಸ್ತಕದಲ್ಲಿ ಮೂರೇ ಸ್ಥಾನ ಬರೆಯುವುದು, ಹಾಗಾಗಿ 400 ಅಂತಲೇ ಮುದ್ರಣವಾಗುತ್ತಿತ್ತು. ಬೇಕಾದರೆ ಕೂತುಬಿಡು ಅಂತ ಮ್ಯಾನೇಜರ್ ಜೋ ಕ್ರೋನಿನ್ ಅವಕಾಶ ಕೊಟ್ಟರೂ ವಿಲಿಯಮ್ಸ್ ಆಡಿದ. ಮೊದಲ ಪಂದ್ಯದಲ್ಲಿ 5ಕ್ಕೆ 4: 183ನ್ನು 453ರಿಂದ ಭಾಗಿಸಿದರೆ 404. ಅಲ್ಲಿಗೆ ನಿಲ್ಲಿಸಬಹುದಿತ್ತು. ಎರಡನೆಯದನ್ನೂ ಆಡಿ 3ಕ್ಕೆ 2 ಹೊಡೆದ. 456ಕ್ಕೆ 185, ಅಂದರೆ 0.4057. ನಾನು ಇದನ್ನು ಹಾಳೆಯ ಮೇಲೆ ಒಂದೊಂದು ಸರದಿಯಾಗಿ ಬರೆದು, ಪ್ರತಿ ಸಲ ಭಾಗಿಸಿ ನೋಡಿದೆ. ನಾಲ್ಕನೇ ದಶಮಾಂಶ ಸ್ಥಾನ ನೋಡಿ ಎದೆ ಬಡಿದುಕೊಂಡದ್ದು ನನಗೆ ಅದೇ ಮೊದಲು.

ಒಂದು ಎಚ್ಚರಿಕೆ ಇದೆ. 456 ಅವನ ಒಟ್ಟು ಸರದಿ ಅಲ್ಲ. ಪಿಚರ್ (ಚೆಂಡು ಎಸೆಯುವವನು) ನಾಲ್ಕು ಸಲ ನಿಗದಿತ ಚೌಕಟ್ಟಿನ ಹೊರಗೆ ಎಸೆದು ಬ್ಯಾಟರ್ ಬೀಸದೆ ಬಿಟ್ಟರೆ ಅವನಿಗೆ ಪುಕ್ಕಟೆ ಒಂದನೇ ಬೇಸ್ ಸಿಗುತ್ತದೆ. ಅದಕ್ಕೆ ವಾಕ್ ಅನ್ನುತ್ತಾರೆ. ಅದು ಸರಾಸರಿಯ ಲೆಕ್ಕಕ್ಕೆ ಬರುವುದಿಲ್ಲ. ಆ ವರ್ಷ ವಿಲಿಯಮ್ಸ್‌ಗೆ 147 ವಾಕ್, ಮೈಗೆ ಚೆಂಡು ಬಡಿದು ಬೇಸ್ ಸಿಕ್ಕಿದ್ದು 3 ಸಲ. 185, 147, 3 ಕೂಡಿಸಿ 606ರಿಂದ ಭಾಗಿಸಿ. ನೂರಕ್ಕೆ ಐವತ್ತೈದು ಸಲ ಅವನು ಔಟಾಗದೆ ಬೇಸ್ ಸೇರಿದ್ದಾನೆ! ನನ್ನ ಮಟ್ಟಿಗೆ 406ಕ್ಕಿಂತ ಇದೇ ದೊಡ್ಡದು. ಒಳ್ಳೆಯ ಚೆಂಡು ಬರುವವರೆಗೆ ಬಿಟ್ಟುಬಿಡುವ ಸಂಯಮ ಇದರಲ್ಲಿದೆ. ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಬಿಡುವುದು ಎಷ್ಟು ಕಷ್ಟ ಅನ್ನುವುದು ನಮಗೆ ಗೊತ್ತಿರುವುದೇ. ಆದ್ದರಿಂದ ಯಾರ ಪಟ್ಟಿ ತೆರೆದರೂ ವಾಕ್ ಕಾಲಂ ಹುಡುಕಿ. ಸ್ಕೋರ್ ಬರೆಯುವವರಿಗೆ ಇನ್ನೊಂದು ಮಾತು: ಎತ್ತರಕ್ಕೆ ಹೊಡೆದು ಕ್ಯಾಚಾಗಿ, ಆ ಹೊಡೆತದಿಂದಲೇ ಮೂರನೇ ಬೇಸಿನಲ್ಲಿದ್ದ ಜೊತೆಗಾರ ಓಡಿ ಮನೆ (ಬ್ಯಾಟರ್ ನಿಲ್ಲುವ ಜಾಗ) ಸೇರಿ ರನ್ ಗಳಿಸಿದರೆ ಈಗ ಅದನ್ನು ಸರದಿಗೆ ಸೇರಿಸುವುದಿಲ್ಲ. 1940ರಿಂದ 1953ರವರೆಗೆ ಸೇರಿಸುತ್ತಿದ್ದರು. 406 ಬಂದದ್ದು ಆ ಕಠಿಣ ನಿಯಮದಡಿ.

ಆಮೇಲೆ ಮೈದಾನ. ಬೇಸ್‌ಬಾಲ್ ಮೈದಾನಗಳ ಅಳತೆ ಒಂದೇ ಸಮ ಇಲ್ಲ. ಜೋ ಡಿಮಾಜಿಯೋ ಬಲಗೈ ಬ್ಯಾಟರ್, ಅವನ ಯಾಂಕೀ ಸ್ಟೇಡಿಯಂನಲ್ಲಿ ಅವನ ಜೋರು ಹೊಡೆತ ಹೋಗುವ ಎಡ ಮಧ್ಯದ ಗೋಡೆ ಬಹಳ ದೂರ. ಅವನ 361 ಹೋಮ್ ರನ್‌ಗಳನ್ನು ಬಿಡಿಸಿ ನೋಡಿದರೆ ತವರಿನಲ್ಲಿ 148, ಹೊರಗೆ 213. ಅಲ್ಲೇ ಪಕ್ಕದಲ್ಲಿ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ, ಚೆಂಡು ಹೊಡೆಯಲಾಗದೆ ಔಟಾದದ್ದು) ಕಾಲಂ ಇರುತ್ತದೆ: ಇಡೀ ಜೀವನದಲ್ಲಿ 369 ಮಾತ್ರ. ಹೋಮ್ ರನ್ ಎಷ್ಟೋ ಹೆಚ್ಚುಕಡಿಮೆ ಅಷ್ಟೇ. ಸೇಂಟ್ ಲೂಯಿಸ್‌ನ ಸ್ಟಾನ್ ಮ್ಯೂಸಿಯಲ್ ಹಿಟ್ 3630. ತವರಿನಲ್ಲಿ 1815, ಹೊರಗೆ 1815. ಮಗಳನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ.

ಋತುವಿನ ಉದ್ದವನ್ನೂ ಗಮನದಲ್ಲಿಡಿ. 1960ರವರೆಗೆ 154 ಪಂದ್ಯ, ಈಗ 162.

ಇಷ್ಟಾದ ಮೇಲೆ ವಿಲ್ಲಿ ಮೇಸ್ ಪಟ್ಟಿಯನ್ನು ಯಾರ ಸಹಾಯವೂ ಇಲ್ಲದೆ ಓದಿ. 1951ರಲ್ಲಿ 20 ಹೋಮ್ ರನ್, 1952ರಲ್ಲಿ 34 ಪಂದ್ಯ, 1953 ಖಾಲಿ, 1954ರಲ್ಲಿ 41 ಹೋಮ್ ರನ್, ಸರಾಸರಿ 345. ಆ ಖಾಲಿ ಯಾಕೆಂದು ಈಗ ನಿಮಗೇ ಹೊಳೆಯುತ್ತದೆ. ಹಳೆಯ ಪಟ್ಟಿಯಲ್ಲಿ ಅವನ ಒಟ್ಟು ಹಿಟ್ 3283 ಅಂತಿದ್ದು ಹೊಸದರಲ್ಲಿ 3293 ಅಂತ ಕಂಡರೆ ಗಾಬರಿಯಾಗಬೇಡಿ. ಕರಿಯರಿಗೆಂದೇ ಇದ್ದ ನೀಗ್ರೋ ಲೀಗ್‌ಗಳ ಅಂಕಿಗಳನ್ನು 2024ರಲ್ಲಿ ಮೇಜರ್ ಲೀಗ್ ದಾಖಲೆಗೆ ಸೇರಿಸಿದರು. ಆ ಹತ್ತು ಹಿಟ್ 1948ರವು. ಹದಿನೇಳರ ಹುಡುಗ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡಕ್ಕೆ ಆಡುತ್ತಿದ್ದಾಗ ಹೊಡೆದದ್ದು. ನಿಮ್ಮ ಹಾಳೆಯಲ್ಲಿ 1951ರ ಮೇಲೆ ಆ ಸಾಲಿಗೆ ಜಾಗ ಬಿಡಿ.