ಹಳೆಯ ಛಾಯಾಚಿತ್ರ, ಕೈಬರಹದ ನಕ್ಷೆ: ಪತ್ರಾಗಾರದಲ್ಲಿ ಓದುವ ಕ್ರಮ

ಪತ್ರಾಗಾರದಲ್ಲಿ ಹಳೆಯ ಛಾಯಾಚಿತ್ರವೊಂದನ್ನು ಎದುರಿಗಿಟ್ಟಾಗ ಯಾರ ಕಣ್ಣಾದರೂ ಮೊದಲು ಹೋಗುವುದು ಅದರಲ್ಲಿರುವ ಮುಖಗಳತ್ತ. ಚಿತ್ರ ಯಾವ ಕಾಲದ್ದೆಂದು ತಿಳಿಯಬೇಕಾದವರು ಮುಖಗಳನ್ನು ಆಮೇಲಿಗೆ ಬಿಟ್ಟು, ಅದು ಯಾವುದರ ಮೇಲೆ ಮೂಡಿದೆ ಎಂಬುದನ್ನು ಮೊದಲು ನೋಡುವುದು ಒಳ್ಳೆಯದು.

ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲಿದ್ದು, ಓರೆ ಮಾಡಿದರೆ ಕನ್ನಡಿಯಂತೆ ಹೊಳೆಯುವ ಚಿತ್ರವು 1839ರಲ್ಲಿ ಬೆಳಕಿಗೆ ಬಂದ ಡಾಗೆರೋಟೈಪ್ ವಿಧಾನದ್ದು. ಕಾಗದದ ಚಿತ್ರಕ್ಕೆ ಭೂತಗನ್ನಡಿ ಬೇಕು. ದಪ್ಪ ರಟ್ಟಿಗೆ ಅಂಟಿಸಿದ ತೆಳು ಕಾಗದ, ಹಳದಿಗೆ ತಿರುಗಿದ ಬಿಳಿಭಾಗ ಮತ್ತು ಮೇಲ್ಮೈಯಲ್ಲಿ ಕಾಣುವ ಕಾಗದದ ಎಳೆಗಳು ಒಟ್ಟಿಗಿದ್ದರೆ, ಅದು ಬಹುಶಃ 1850ರಲ್ಲಿ ಬಳಕೆಗೆ ಬಂದ, ಮೊಟ್ಟೆಯ ಬಿಳಿಲೋಳೆಯಿಂದ ತಯಾರಾಗುತ್ತಿದ್ದ ಆಲ್ಬುಮೆನ್ ಮುದ್ರಣ. ಎಳೆಗಳು ಮರೆಯಾಗಿ, ಕಪ್ಪು ಭಾಗದ ಅಂಚಿನಲ್ಲಿ ನೀಲಿ ಮಿಶ್ರಿತ ಲೋಹದ ಹೊಳಪು ಎದ್ದಿದ್ದರೆ ಜೆಲಾಟಿನ್ (ಪ್ರಾಣಿಜನ್ಯ ಅಂಟು) ಲೇಪಿಸಿದ ಕಾಗದದ ಮುದ್ರಣವಿರಬಹುದು. ಈ ಗುರುತುಗಳು ಮುದ್ರಣದ ಕಾಲವನ್ನು ಹೇಳುತ್ತವೆಯೇ ಹೊರತು ದೃಶ್ಯದ ಕಾಲವನ್ನಲ್ಲ. ಹಳೆಯ ಚಿತ್ರವನ್ನೇ ಮತ್ತೆ ಕ್ಯಾಮೆರಾದಲ್ಲಿ ಹಿಡಿದು ಮುದ್ರಿಸುವ ರೂಢಿಯೂ ಇತ್ತು. ಹಿಂಬದಿಯ ಬರಹವನ್ನೂ ಅನುಮಾನದಿಂದಲೇ ಓದಬೇಕು. ಬಾಲ್‌ಪಾಯಿಂಟ್ ಪೆನ್ನಿನಲ್ಲಿ ಬರೆದ ಹೆಸರುಗಳನ್ನು 1880ರ ಚಿತ್ರದ ಹಿಂದೆ ಕಂಡರೆ, ಅವು ಎಷ್ಟೋ ದಶಕಗಳ ನಂತರ ಯಾರದೋ ನೆನಪಿನಿಂದ ಬಂದವು.

ಮುಟ್ಟುವ ವಿಷಯದಲ್ಲಿ ಛಾಯಾಚಿತ್ರ, ನಕ್ಷೆ ಎರಡಕ್ಕೂ ಒಂದೇ ನಿಯಮವಿಲ್ಲ. ಬೆರಳಿನ ಬೆವರು ಛಾಯಾಚಿತ್ರದ ಮೇಲ್ಮೈಯನ್ನು ಕೆಡಿಸುವುದರಿಂದ ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ಬೇಕು. ನಕ್ಷೆಗಾದರೋ ತೊಳೆದು ಒರೆಸಿದ ಬರಿಗೈಯೇ ಸಾಕು, ಹತ್ತಿಯ ಕೈಗವಸಿಗೆ ಹರಿದ ಅಂಚು ಸಿಕ್ಕಿಕೊಳ್ಳುತ್ತದೆ. ಸುರುಳಿ ಬಿಚ್ಚಿಕೊಳ್ಳದಿದ್ದರೆ ಬಲ ಹಾಕದೆ ಸಿಬ್ಬಂದಿಯನ್ನು ಕರೆಯಬೇಕು. ಟಿಪ್ಪಣಿಗೆ ಪೆನ್ಸಿಲ್ ಮಾತ್ರ.

ಕೈಯಿಂದ ಬರೆದ ನಕ್ಷೆಯಲ್ಲಿ ಮೇಲ್ಭಾಗವೇ ಉತ್ತರವೆಂದು ಭಾವಿಸಬಾರದು. ದಿಕ್ಕಿನ ಬಾಣವನ್ನು ಹುಡುಕಬೇಕು. ದೂರ ಅಳೆಯಲು ಅಂಕಿಯಲ್ಲಿ ಬರೆದ ಪ್ರಮಾಣಕ್ಕಿಂತ ಹಾಳೆಯಲ್ಲೇ ಎಳೆದ ಅಳತೆಗೆರೆ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಕಾಗದ ಕುಗ್ಗಿದಾಗ ಆ ಗೆರೆಯೂ ಜೊತೆಗೆ ಕುಗ್ಗಿರುತ್ತದೆ. ಇಂಗ್ಲಿಷ್ ಮೋಜಣಿಯ ‘ಸರಪಳಿ’ ಎಂದರೆ 66 ಅಡಿ, 80 ಸರಪಳಿಗೆ ಒಂದು ಮೈಲಿ. ದೀಪವನ್ನು ಒಂದು ಪಕ್ಕದಿಂದ ಓರೆಯಾಗಿ ಬೀಳುವಂತೆ ಇರಿಸಿದರೆ ಕೆಲವೊಮ್ಮೆ ಗೆರೆಗಳ ತಿರುವುಗಳಲ್ಲಿ ಸೂಜಿಮೊನೆಯ ರಂಧ್ರಗಳು ಕಾಣುತ್ತವೆ. ಒಂದು ಹಾಳೆಯಿಂದ ಇನ್ನೊಂದಕ್ಕೆ ನಕ್ಷೆಯನ್ನು ಇಳಿಸಿಕೊಂಡದ್ದರ ಗುರುತು ಅದು. ಎದುರಿಗಿರುವುದು ಮೂಲವೋ ನಕಲೋ ಎಂಬ ಪ್ರಶ್ನೆ ಆಗ ಏಳಲೇಬೇಕು. ಬೇರೆ ಶಾಯಿಯ ಗೆರೆಗಳು ಆಮೇಲೆ ಸೇರಿಸಿದವಾಗಿರಬಹುದು. ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ ನೆಲದ ಮೇಲೂ ಖಾಲಿಯಾಗಿತ್ತೆಂದು ಹೇಳಲಾಗದು, ಬರೆಸಿದವರಿಗೆ ಅದು ಬೇಕಿರಲಿಲ್ಲ ಎಂದಷ್ಟೇ ಇರಬಹುದು.

ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದೇ ಈ ಕೆಲಸದ ಸೊಗಸು. ಮೊದಲಿಗೆ ಚಿತ್ರ ಎಡಬಲ ತಿರುಗಿಲ್ಲವೆಂದು ಅದರಲ್ಲಿ ಕಾಣುವ ನಾಮಫಲಕದ ಅಕ್ಷರಗಳಿಂದ ಖಚಿತಪಡಿಸಿಕೊಳ್ಳಬೇಕು. ಡಾಗೆರೋಟೈಪಿನಲ್ಲಿ ಸಾಮಾನ್ಯವಾಗಿ ಹೀಗೆ ತಿರುಗಿಯೇ ಇರುತ್ತದೆ. ಆಮೇಲೆ, ಚಿತ್ರದಲ್ಲಿ ಒಂದರ ಹಿಂದೊಂದು ನೇರವಾಗಿ ನಿಂತ ಎರಡು ಗುರುತುಗಳನ್ನು, ಉದಾಹರಣೆಗೆ ಸೇತುವೆಯ ಕಂಬವನ್ನೂ ಅದರ ಹಿಂದಿನ ಗೋಪುರವನ್ನೂ, ನಕ್ಷೆಯ ಪ್ರತಿಯಲ್ಲಿ ಪತ್ತೆಹಚ್ಚಿ, ಅವೆರಡನ್ನೂ ಹಾಯುವ ಗೆರೆಯನ್ನು ನೋಡುಗನ ಕಡೆಗೆ ಮುಂದುವರಿಸಬೇಕು. ಇಂಥದೇ ಇನ್ನೊಂದು ಜೋಡಿಯಿಂದ ಎರಡನೆಯ ಗೆರೆ ಎಳೆದರೆ, ಅವೆರಡು ಸೇರುವಲ್ಲಿ ಕ್ಯಾಮೆರಾ ಇತ್ತು. ಮೂರನೆಯ ಜೋಡಿ ಅದೇ ಬಿಂದುವಿಗೆ ಬಾರದಿದ್ದರೆ ನಕ್ಷೆಯ ಅಳತೆ ಸಡಿಲವಾಗಿದೆ, ಇಲ್ಲವೇ ಗುರುತಿಸಿದ ಕಟ್ಟಡ ಬೇರೆಯದು.

ಟಿಪ್ಪಣಿಯಲ್ಲಿ ಪೆಟ್ಟಿಗೆ, ಕಡತ ಮತ್ತು ಹಾಳೆಯ ಸಂಖ್ಯೆಗಳ ಜೊತೆಗೆ ಹಿಂದುಮುಂದಿನ ಹಾಳೆಗಳಲ್ಲಿ ಏನಿತ್ತೆಂಬುದನ್ನೂ ಬರೆದಿಟ್ಟು, ಮೂಲದಲ್ಲೇ ಇದ್ದ ಮಾಹಿತಿಯನ್ನು ಒಂದು ಅಂಕಣದಲ್ಲಿ, ತಾನು ಊಹಿಸಿದ್ದನ್ನು ಇನ್ನೊಂದರಲ್ಲಿ ದಾಖಲಿಸಬೇಕು.