2255 ಅರ್ಜಿ ವಜಾ ಆಯಿತೇ? ಮೊದಲು ಕ್ಯಾಲೆಂಡರ್ ತೆಗೆಯಿರಿ

ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಶಿಕ್ಷೆಯಾಗಿ, ನೇರ ಅಪೀಲೂ ಮುಗಿದ ಮೇಲೆ ಕೈದಿಗೆ ಉಳಿಯುವ ಮುಖ್ಯ ದಾರಿ, ಶಿಕ್ಷೆ ರದ್ದುಮಾಡಿ ಇಲ್ಲವೇ ತಿದ್ದಿ ಎಂದು ಕೇಳುವ, ಫೆಡರಲ್ ಕಾನೂನಿನ ಸೆಕ್ಷನ್ 2255ರ ಅರ್ಜಿ. ವಕೀಲರು ಕೆಲಸ ಕೆಡಿಸಿದರು, ತಪ್ಪೊಪ್ಪಿಕೊಂಡರೆ ಗಡೀಪಾರು ಆಗುತ್ತದೆಂದು ಬಾಯಿಬಿಡಲೇ ಇಲ್ಲ ಎಂಬಂಥ ತಕರಾರುಗಳನ್ನು ಶಿಕ್ಷೆ ಕೊಟ್ಟ ಕೋರ್ಟಿನ ಮುಂದೆಯೇ ಇಡಬೇಕು. ಗ್ರೀನ್ ಕಾರ್ಡಿನಲ್ಲೋ ಎಚ್-1ಬಿಯಲ್ಲೋ ಅಲ್ಲಿರುವ ನಮ್ಮವರಿಗೂ ಈ ಗಡೀಪಾರಿನ ಮಾತು ಅನ್ವಯಿಸುತ್ತದೆ.

ಅರ್ಜಿ ವಜಾ ಆದರೆ, ಆದೇಶ ಕೋರ್ಟಿನ ದಾಖಲೆಗೆ ಸೇರಿದ ದಿನಾಂಕ ಬರೆದಿಟ್ಟುಕೊಳ್ಳಿ. ನಿಮ್ಮ ಕೈಗೆ ಸಿಕ್ಕ ದಿನ ಲೆಕ್ಕಕ್ಕಿಲ್ಲ. ಅಲ್ಲಿಂದ 60 ದಿನದೊಳಗೆ, ಶಿಕ್ಷೆ ಕೊಟ್ಟ ಅದೇ ಜಿಲ್ಲಾ ಕೋರ್ಟಿಗೆ ‘ನೋಟಿಸ್ ಆಫ್ ಅಪೀಲ್’ (ಅಪೀಲು ಹೋಗುತ್ತೇನೆಂಬ ಸೂಚನೆ) ಸಲ್ಲಿಸಬೇಕು. ಕ್ರಿಮಿನಲ್ ಅಪೀಲಿನ 14 ದಿನದ ಗಡುವು ಇಲ್ಲಿಲ್ಲ. ಒಂದು ಹಾಳೆ ಸಾಕು: ಯಾರ ಅಪೀಲು, ಯಾವ ಆದೇಶದ ಮೇಲೆ, ಯಾವ ಕೋರ್ಟಿಗೆ. ವಾದವೆಲ್ಲ ಆಮೇಲೆ. ಒಳಗಿರುವವರು ಗಡುವಿನೊಳಗೆ ಜೈಲಿನ ಲೀಗಲ್ ಮೇಲ್‌ಗೆ (ಕೋರ್ಟು ಪತ್ರಗಳ ಅಂಚೆ ವ್ಯವಸ್ಥೆಗೆ) ಒಪ್ಪಿಸಿದರೆ ನಡೆಯುತ್ತದೆ. ಒಪ್ಪಿಸಿದ ದಿನ, ಅಂಚೆವೆಚ್ಚ ಕಟ್ಟಿದ್ದು ಎರಡನ್ನೂ ಪ್ರಮಾಣ ಮಾಡಿ ಬರೆದು ಜೊತೆಗಿಡಿ. ಶುಲ್ಕ 605 ಡಾಲರ್. ಕಟ್ಟಲಾಗದವರು ಆದಾಯದ ಅಫಿಡವಿಟ್ ಹಾಕಿ ವಿನಾಯಿತಿ ಕೇಳಬಹುದು.

ನೋಟಿಸ್ ಹಾಕಿದ ಮಾತ್ರಕ್ಕೆ ಅಪೀಲು ವಿಚಾರಣೆಗೆ ಬರುವುದಿಲ್ಲ. ‘ಸರ್ಟಿಫಿಕೇಟ್ ಆಫ್ ಅಪೀಲಬಿಲಿಟಿ’ ಎಂಬ ಅನುಮತಿ ಬೇಕು. ಅದನ್ನು ಕೊಟ್ಟರೋ ಇಲ್ಲವೋ ಎಂದು ಜಡ್ಜ್ ವಜಾ ಮಾಡುವಾಗಲೇ ಹೇಳಿರಬೇಕು. ಸಾಮಾನ್ಯವಾಗಿ ಆದೇಶದ ಕೊನೆಯ ಪುಟದಲ್ಲಿರುತ್ತದೆ. ಕೊಟ್ಟಿದ್ದರೂ ನೋಟಿಸ್ ತಪ್ಪದು. ಕೊಡದಿದ್ದರೆ, ಅನುಮತಿಯನ್ನು ಮರುಪರಿಶೀಲಿಸಿ ಎಂದು ಅದೇ ಜಡ್ಜ್ ಮುಂದೆ ಕೂರಬೇಡಿ, ಅದರಿಂದ 60 ದಿನದ ಗಡಿಯಾರ ನಿಲ್ಲುವುದಿಲ್ಲ. (ತೀರ್ಪನ್ನೇ ತಿದ್ದಿ ಎಂದು 28 ದಿನದೊಳಗೆ ಸಿವಿಲ್ ಪ್ರಕ್ರಿಯಾ ನಿಯಮ 59(ಇ)ಯಡಿ ಹಾಕುವ ಅರ್ಜಿಯಾದರೆ ನಿಲ್ಲುತ್ತದೆ. ಎರಡನ್ನೂ ಕಲಸಿಕೊಳ್ಳಬೇಡಿ.) ನೇರ ಸರ್ಕ್ಯೂಟ್ ಕೋರ್ಟಿನಲ್ಲೇ (ಜಿಲ್ಲಾ ಕೋರ್ಟಿನ ಮೇಲಿನ ಫೆಡರಲ್ ಅಪೀಲು ಕೋರ್ಟು) ಅನುಮತಿ ಕೇಳಿ.

ಎಡವುವುದು ಹೆಚ್ಚಾಗಿ ಈ ಮನವಿಯಲ್ಲೇ. ಇಡೀ ಕೇಸು ಗೆದ್ದು ತೋರಿಸಲು ಹೋಗಬೇಡಿ. ಸಂವಿಧಾನದ ಹಕ್ಕಿಗೆ ಧಕ್ಕೆಯಾಗಿದೆಯೇ ಎಂಬುದರಲ್ಲಿ ವಿವೇಕಿ ಜಡ್ಜ್‌ಗಳಿಗೆ ಭಿನ್ನಾಭಿಪ್ರಾಯ ಸಾಧ್ಯ ಎಂದು ತೋರಿಸಿದರೆ ಸಾಕು. ಗಡುವು ಮೀರಿದೆ ಎಂಬಂಥ ತಾಂತ್ರಿಕ ಕಾರಣಕ್ಕೆ ವಜಾ ಆಗಿದ್ದರೆ, ಸುಪ್ರೀಂ ಕೋರ್ಟಿನ 2000ದ ಸ್ಲ್ಯಾಕ್ ತೀರ್ಪಿನಂತೆ ಆ ಕಾರಣವೂ ಚರ್ಚಾಸ್ಪದ ಎನ್ನಬೇಕು, ಮೂಲ ತಕರಾರೂ ಚರ್ಚಾಸ್ಪದ ಎನ್ನಬೇಕು. ಅನುಮತಿಯ ಹಂತದಲ್ಲೇ ಕೇಸು ತೂಗಿಬಿಟ್ಟ ಸರ್ಕ್ಯೂಟ್ ಕೋರ್ಟನ್ನು 2017ರ ಬಕ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತಿದ್ದಿತು. ಅದನ್ನು ಧಾರಾಳವಾಗಿ ಉಲ್ಲೇಖಿಸಿ. ಅನುಮತಿ ಸಿಗುವುದು ಅಂಶವಾರು. ಹದಿನೈದು ತಕರಾರು ಸುರಿಯುವ ಬದಲು ಎರಡನ್ನು ಆರಿಸಿ, ‘ವಕೀಲರು ಸರಿಯಿರಲಿಲ್ಲ’ ಎನ್ನದೆ, ‘ಸರ್ಕಾರದ ಪ್ಲೀ ಆಫರ್ (ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆ ಎಂಬ ಪ್ರಸ್ತಾಪ) ನನಗೆ ತಿಳಿಸಲಿಲ್ಲ, ಪತ್ರ ದಾಖಲೆಯ ಇಂಥ ಪುಟದಲ್ಲಿದೆ, ತಿಳಿದಿದ್ದರೆ ಒಪ್ಪುತ್ತಿದ್ದೆ’ ಎಂಬ ಧಾಟಿಯಲ್ಲಿ ಬರೆಯಿರಿ.

ಅಲ್ಲೂ ಸಿಗದಿದ್ದರೆ 90 ದಿನದೊಳಗೆ ಸುಪ್ರೀಂ ಕೋರ್ಟ್.

ವಜಾ ಆದೇಶದ ಸುದ್ದಿಯೇ 21 ದಿನದೊಳಗೆ ತಲುಪದಿದ್ದರೆ? ಆದೇಶದಿಂದ 180 ದಿನ, ಅಥವಾ ಆ ಆದೇಶದ ಸೂಚನೆ ಕೈಸೇರಿದ ಮೇಲೆ 14 ದಿನ, ಯಾವುದು ಮೊದಲೋ ಅದರೊಳಗೆ ಕೋರಿದರೆ ಜಡ್ಜ್ ಅಪೀಲಿಗೆ ಇನ್ನೊಂದು 14 ದಿನ ಕೊಡಬಹುದು. ಓಹಾಯೋದ ಬೌಲ್ಸ್ ಎಂಬ ಕೈದಿಗೆ ಹೀಗೆ ಅವಕಾಶ ಸಿಕ್ಕಿತ್ತು. ಆತ ರಾಜ್ಯದ ಕೈದಿ, ನಿಯಮ ಮಾತ್ರ ಇದೇ. ಜಡ್ಜ್ ಕೈತಪ್ಪಿ 17 ದಿನ ಬರೆದರು, 2004ರ ಫೆಬ್ರವರಿ 27ರವರೆಗೆ. ಆತ 26ರಂದೇ ಸಲ್ಲಿಸಿದ. ನಿಯಮದ 14 ದಿನ 24ಕ್ಕೇ ಮುಗಿದಿತ್ತು. 2007ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಆತನ ಅಪೀಲಿಗೆ ಬಾಗಿಲು ಹಾಕಿತು.